ಆಲೂಗಡ್ಡೆ ಒಳಗೆ, ಆಳು ಹೊರಗೆ



ಈ ಸಲ ನಾವು ಬರೆಯುತ್ತಿರುವುದು ತರಕಾರಿ ಹುಳಿಯ ಬಗ್ಗೆ. ನಗಬೇಡಿ. ಭೂಮಿ, ಮೀಸಲಾತಿ, ದೌರ್ಜನ್ಯ ಅಂತ ಬರೆಯೋ ಈ ಹಾಳೆಗಳಲ್ಲಿ ಬದನೆಕಾಯಿಗೂ ಬೇಳೆಗೂ ಏನು ಕೆಲಸ ಅಂತ ಕೇಳ್ತೀರಿ. ಕೆಲಸ ಇದೆ. ಜಾತಿಯ ಮೇಲೆ ದಪ್ಪ ದಪ್ಪ ಪುಸ್ತಕ ಓದಿದ ನಮ್ಮವರಿಗೂ ಅದು ಮೊದಲು ಎದುರಾದದ್ದು ಯಾರದೋ ಅಡಿಗೆಮನೆಯ ಹೊಸ್ತಿಲಲ್ಲೇ. ಭಾನುವಳ್ಳಿಯಿಂದ, ಮಲೇಬೆನ್ನೂರಿನಿಂದ, ಹರಿಹರದ ಕೇರಿಗಳಿಂದ ದಾವಣಗೆರೆಗೆ ಓದೋಕೆ ಬಂದು ಹಾಸ್ಟೆಲ್ಲಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವುದೇ ಮದುವೆ ಛತ್ರದ ಊಟದ ಪಟ್ಟಿ ನೋಡಿ. 'ಸಾಂಪ್ರದಾಯಿಕ ಭೋಜನ' ಅಂತ ಮೇಲೆ ಬರೆದಿರ್ತಾರೆ. ಕೆಳಗೆ ಹುಳಿ, ಕೂಟು, ಸಾಗು, ಅವಿಯಲ್. ಇವೆಲ್ಲ ಬೆರಕೆ ತರಕಾರಿಯ ಅಡಿಗೆಗಳೇ. ನಾಲ್ಕಾರು ಥರದ ಕಾಯಿ ಒಂದೇ ಪಾತ್ರೆಯಲ್ಲಿ ಬೆಂದು, ಒಂದರ ರುಚಿ ಇನ್ನೊಂದಕ್ಕೆ ಹತ್ತಿದರೆ ತಾನೇ ಅದು ಹುಳಿ? ಪಾತ್ರೆಯಲ್ಲಿ ಬೆರಕೆ ಆದರೆ ಬಾಯಿ ಚಪ್ಪರಿಸ್ತಾರೆ. ಅದೇ ಮಾತು ಮನುಷ್ಯರಿಗೆ ಬಂದರೆ ಬೈಗುಳ. 'ಬೆರಕೆ ನನ್ಮಗ' ಅಂದರೆ ತಲೆ ಒಡೆದುಕೊಳ್ಳೋ ಜಗಳ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲೇ ಅರ್ಜುನ ಹೇಳಿಕೊಳ್ಳುವ ಭಯಗಳಲ್ಲಿ ಒಂದು ವರ್ಣಸಂಕರದ ಭಯ. ಎರಡೂ ಕಡೆ ಸೇನೆ ನಿಂತಿದೆ, ಕೊಲೆ ಶುರುವಾಗಬೇಕು, ಆಗಲೂ ಕುಲದ ಹೆಂಗಸರು ಕೆಟ್ಟು ಜಾತಿ ಬೆರೆತುಬಿಟ್ಟರೆ ಏನು ಗತಿ ಅನ್ನೋ ಚಿಂತೆ!

ನಮ್ಮ ಪ್ರಶ್ನೆ ಇಷ್ಟೇ. ಪಾತ್ರೆಗೆ ಒಪ್ಪಿದ ಬೆರಕೆ ಊರಿಗೆ ಯಾಕೆ ಒಪ್ಪಲಿಲ್ಲ?

* * *

ಹುಳಿಯ ಪಾತ್ರೆಗೆ ಸೌಟು ಹಾಕಿ ಒಂದೊಂದೇ ಹೋಳನ್ನು ಎತ್ತಿ ನೋಡೋಣ. 'ನಮ್ಮ ಹಿರಿಯರ ಸನಾತನ ಅಡಿಗೆ' ಅನ್ನುವವರ ಎದುರಿಗೇ ಎತ್ತೋಣ.

ಬದನೆಕಾಯಿ ಈ ನೆಲದ್ದು, ಸರಿ. ತೊಗರಿ ಈ ನೆಲದ್ದು. ನುಗ್ಗೆ, ಸೌತೆ ಈ ನೆಲದ್ದು. ಮುಂದೆ? ಆಲೂಗಡ್ಡೆ ಬಂದದ್ದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಿಂದ. ಟೊಮೆಟೊ ಅಮೆರಿಕದ್ದು. ಹುರುಳಿಕಾಯಿ ಅಂತ ನಾವು ಕರೆಯೋ ಬೀನ್ಸು ಅಮೆರಿಕದ್ದು. ಸಿಹಿಗುಂಬಳ ಅಲ್ಲಿಂದಲೇ. ಸೀಮೆಬದನೆಯಂತೂ ಹೆಸರಿನಲ್ಲೇ 'ನಾನು ಪರಸೀಮೆಯದು' ಅಂತ ಒಪ್ಪಿಕೊಂಡಿದೆ. ಎಲೆಕೋಸು, ಹೂಕೋಸು ಯುರೋಪಿನ ಕಡೆಯವು. ಕೊನೆಗೆ ಖಾರ? 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಕರಾವಳಿಗೆ ಬಂದು ಇಳಿಯುವತನಕ ಈ ದೇಶದಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಅದನ್ನು ತಂದವರು ಪೋರ್ಚುಗೀಸರು. ನಮ್ಮ ಪಕ್ಕದ ಬ್ಯಾಡಗಿಯ ಹೆಸರು ಇವತ್ತು ಮೆಣಸಿನಕಾಯಿಯಿಂದಲೇ ದೇಶಕ್ಕೆಲ್ಲ ಗೊತ್ತು. ಆ ಮೆಣಸಿನಕಾಯಿಯ ಮುತ್ತಜ್ಜಿಯ ಊರು ಮೆಕ್ಸಿಕೋ ಕಡೆ.

ಇದು ನಾವು ಕಟ್ಟಿದ ಕಥೆ ಅಲ್ಲ. ಮಡಿವಂತರಿಗೇ ಇದು ಗೊತ್ತು. ಅವರ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಆಲೂಗಡ್ಡೆ, ಟೊಮೆಟೊ, ಕೋಸು ಹಾಕುವುದಿಲ್ಲ. ಖಾರಕ್ಕೆ ಮೆಣಸಿನಕಾಯಿ ಬದಲು ಕರಿಮೆಣಸು. ಯಾಕೆ? ಇವು ಹೊರಗಿನವು ಅಂತ ಅವರಿಗೆ ನೆನಪಿದೆ. ವರ್ಷಕ್ಕೆ ಒಂದು ದಿನ ಸತ್ತವರ ಎಡೆಗೆ ಅವು ಆಗುವುದಿಲ್ಲ. ಮಿಕ್ಕ 364 ದಿನ ಬದುಕಿದವರ ನಾಲಿಗೆಗೆ ಆಗುತ್ತವೆ.

ಇಲ್ಲಿ ನಿಲ್ಲಿ, ಗೆಳೆಯರೇ. ಆಂಡೀಸ್ ಬೆಟ್ಟದ ಮೂಲನಿವಾಸಿಗಳು ಬೆಳೆಸಿದ ಗಡ್ಡೆ. ಆ ಜನರನ್ನು ಸ್ಪೇನಿನ ದೊರೆಗಳು ಗಣಿಗೆ ತಳ್ಳಿ ಸಾಯಿಸಿದರು. ಅವರ ಗಡ್ಡೆ ಏಳು ಸಮುದ್ರ ದಾಟಿ, ಮ್ಲೇಚ್ಛರ ಹಡಗು ಹತ್ತಿ, ಯಾರು ಯಾರದೋ ಕೈ ಮುಟ್ಟಿಸಿಕೊಂಡು ಇಲ್ಲಿಗೆ ಬಂತು. ಅದಕ್ಕೆ ಯಾರೂ ಕುಲ ಕೇಳಲಿಲ್ಲ. ಸೀದಾ ಅಡಿಗೆಮನೆಗೆ ಹೋಗಿ ಒಲೆಯ ಮೇಲೆ ಕುಳಿತಿತು. ಇನ್ನು ನಾವು? ಸಾವಿರಾರು ವರ್ಷದಿಂದ ಇದೇ ಮಣ್ಣು ತುಳಿಯುತ್ತಿರುವವರು. ಆ ಅಡಿಗೆಮನೆಗೂ ನಮಗೂ ನಡುವೆ ಸಮುದ್ರ ಇಲ್ಲ, ಒಂದು ನಾಲೆ, ಒಂದು ಓಣಿ. ಅದನ್ನು ದಾಟಿದವರಿಗೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಜಗುಲಿಯೇ ಕೊನೆ.

ಆಲೂಗಡ್ಡೆ ಒಳಗೆ, ಆಳು ಹೊರಗೆ. ಇದಕ್ಕೆ ಪರಂಪರೆ ಅಂತ ಹೆಸರು.

* * *

ಮೈಲಿಗೆ ಅನ್ನೋದರ ಲೆಕ್ಕಾಚಾರವನ್ನು ಸ್ವಲ್ಪ ನೋಡಿ. ನಮ್ಮ ಭದ್ರಾ ನಾಲೆಯ ಸೀಮೆಯಲ್ಲಿ ಗದ್ದೆ ಹದ ಮಾಡುವವರು ಯಾರು, ಸಸಿ ನಾಟಿ ಹಾಕುವವರು ಯಾರು, ಕಳೆ ಕೀಳುವವರು ಯಾರು? ತರಕಾರಿ ಮಡಿಗೆ ನೀರು ಕಟ್ಟಿ, ಕಾಯಿ ಕಿತ್ತು, ಮೂಟೆ ಹೊತ್ತು ಟೆಂಪೋಗೆ ಹಾಕುವವರು ಯಾರು? ಅಷ್ಟು ಹೊತ್ತು ನಮ್ಮ ಕೈ ಮೈಲಿಗೆ ಅಲ್ಲ. ಹಸಿ ಕಾಯಿಗೆ ಮೈಲಿಗೆ ಇಲ್ಲವಂತೆ. ನಮ್ಮವ್ವ ಬಿಡಿಸಿದ ಬದನೆಕಾಯಿ ಶುದ್ಧ. ಅದೇ ನಮ್ಮವ್ವ ಅದನ್ನು ಹೆಚ್ಚಿ, ಬೇಯಿಸಿ, ಒಗ್ಗರಣೆ ಕೊಟ್ಟು ಬಡಿಸಿದರೆ ಅಶುದ್ಧ. ಅಂದರೆ ಮೈಲಿಗೆ ಕೈಯಲ್ಲೂ ಇಲ್ಲ, ಕಾಯಿಯಲ್ಲೂ ಇಲ್ಲ. ದುಡಿಮೆ ಮುಗಿದು, ಪಕ್ಕದಲ್ಲಿ ಕೂರುವ ಹೊತ್ತು ಬಂದಾಗ ಅದು ಶುರುವಾಗುತ್ತೆ. ದುಡಿಸಿಕೊಳ್ಳುವಾಗ ಇಲ್ಲದ ಮೈಲಿಗೆ ಪಾಲು ಕೇಳುವಾಗ ಹುಟ್ಟುತ್ತೆ.

ನಮ್ಮ ಹರಿಹರದ ದೇವರನ್ನೇ ನೋಡಿ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯ. ಒಂದೇ ಮೂರ್ತಿ, ಅರ್ಧ ಹರಿ, ಅರ್ಧ ಹರ. ಶೈವರು ವೈಷ್ಣವರು ಬಡಿದಾಡುತ್ತಿದ್ದ ಕಾಲದಲ್ಲಿ ಎರಡು ದೇವರನ್ನು ಒಂದೇ ಕಲ್ಲಿನಲ್ಲಿ ಬೆರೆಸಿದರು. ಒಳ್ಳೆಯ ಕೆಲಸ. ದೇವರು ಬೆರೆತು ಎಂಟುನೂರು ವರ್ಷ ಆಯಿತು. ಭಕ್ತರ ಊರು-ಕೇರಿ ಬೆರೆಯೋಕೆ ಇನ್ನೆಷ್ಟು ನೂರು ವರ್ಷ ಬೇಕು, ಸ್ವಾಮಿ?

* * *

'ಅಯ್ಯೋ, ಈಗ ಎಲ್ಲಿದೆ ಜಾತಿ, ಹೋಟೆಲಿನಲ್ಲಿ ಎಲ್ಲರೂ ಒಟ್ಟಿಗೆ ಉಣ್ತಾರಲ್ಲ' ಅನ್ನುವ ಮೇಷ್ಟ್ರುಗಳು, ಸಹಪಾಠಿಗಳು ನಿಮಗೆ ಸಿಕ್ಕೇ ಸಿಗ್ತಾರೆ. ಅವರಿಗೆ ಸಿಟ್ಟಿನಲ್ಲಿ ಉತ್ತರ ಕೊಡಬೇಡಿ. ಇಸವಿ ಸಮೇತ ಕೊಡಿ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಅನ್ನುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರಲ್ಲಿ ಕಾನೂನು ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಇಷ್ಟೆಲ್ಲ ಆದಮೇಲೆ, 2014ರ ಆಗಸ್ಟಿನಲ್ಲಿ, ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಕ್ಷೌರದಂಗಡಿಗೂ ಹೋಟೆಲಿಗೂ ದಲಿತರನ್ನು ಬಿಡಲಿಲ್ಲ ಅನ್ನೋ ತಕರಾರಿನ ಬೆನ್ನಿಗೇ ಕೇರಿಗೆ ನುಗ್ಗಿ ಗುಡಿಸಲಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಕೇಸು ನಡೆದು 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಎಲ್ಲರೂ ಒಟ್ಟಿಗೆ ಉಣ್ತಾರೆ ಅನ್ನುವವರಿಗೆ ಮರಕುಂಬಿ ಅಂತ ಒಂದು ಪದ ಹೇಳಿ ಸಾಕು.

ಇನ್ನು ಶಾಲೆಯ ಬಿಸಿಯೂಟ. ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾದ ಇದಕ್ಕೆ 'ಅಕ್ಷರ ದಾಸೋಹ' ಅಂತ ಹೆಸರಿಟ್ಟರು. ದಾಸೋಹ! ಹನ್ನೆರಡನೇ ಶತಮಾನದ ಕಲ್ಯಾಣದ ಮಾತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆದದ್ದಕ್ಕೆ ರಕ್ತ ಹರಿದ ಕಲ್ಯಾಣ. 2004ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟು ಬಿಸಿಯೂಟದ ಅಡಿಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟರಿಗೆ ಆದ್ಯತೆ ಕೊಡಿ ಅಂತ ಆದೇಶ ಮಾಡಿತು. ಆ ಆದೇಶದ ಒಳಗುಟ್ಟು ಸಂಬಳವಲ್ಲ. ದಲಿತ ತಾಯಿಯ ಕೈಯಡಿಗೆಯನ್ನು ಊರಿನ ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣಲಿ ಅನ್ನೋದು. ಸಂಬಳದ ಮಾತು ಬೇಕೇ? 2009ರಲ್ಲಿ ಕೇಂದ್ರ ಸರ್ಕಾರ ಈ ತಾಯಂದಿರಿಗೆ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ. ಅದಕ್ಕೆ ಸಂಬಳ ಅನ್ನಲೂ ನಾಚಿ 'ಗೌರವಧನ' ಅಂದರು.

ಆ ಗೌರವವಾದರೂ ಸಿಕ್ಕಿತೇ? 2021ರ ಡಿಸೆಂಬರಿನಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಸೂಖೀಢಾಂಗ್ ಶಾಲೆಯಲ್ಲಿ ದಲಿತ ಹೆಣ್ಣುಮಗಳು ಬೇಯಿಸಿದ ಊಟವನ್ನು ಮೇಲ್ಜಾತಿ ಮಕ್ಕಳು ಬಿಟ್ಟರು. ಆಕೆಯನ್ನೇ ಕೆಲಸದಿಂದ ತೆಗೆದರು. ಆಗ ಅದೇ ಶಾಲೆಯ ದಲಿತ ಮಕ್ಕಳು ಏನು ಮಾಡಿದರು ಗೊತ್ತೇ? ಮೇಲ್ಜಾತಿಯವರು ಬೇಯಿಸಿದ ಊಟ ನಮಗೂ ಬೇಡ ಅಂತ ಡಬ್ಬಿ ತಂದರು. ದೇಶವೆಲ್ಲ ಸುದ್ದಿಯಾಗಿ ಆಕೆಗೆ ಕೆಲಸ ವಾಪಸ್ಸು ಬಂತು. ಆ ಮಕ್ಕಳಿಗೆ ನಮ್ಮ ಜೈ ಭೀಮ್.

ಉತ್ತರಾಖಂಡ ದೂರ ಅಂತೀರಾ? ನಮ್ಮದೇ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮ. ಸರ್ಕಾರಿ ಶಾಲೆಗೆ ದಲಿತ ಮಹಿಳೆ ಮುಖ್ಯ ಅಡಿಗೆಯವರಾಗಿ ಬಂದ ಮೇಲೆ 22 ಮಕ್ಕಳ ಶಾಲೆಯಲ್ಲಿ ಒಂದೇ ಮಗು ಉಳಿಯಿತು ಅಂತ 2025ರ ಜೂನಿನಲ್ಲಿ ಪತ್ರಿಕೆಗಳು ಬರೆದವು. ಪಾಠ ಸರಿಯಿಲ್ಲ, ಅದಕ್ಕೇ ಬಿಡಿಸಿದೆವು ಅಂತಲೂ ಪೋಷಕರು ಹೇಳಿದರು. ಇರಲಿ. ಪಾಠ ಕೆಟ್ಟದ್ದು ಅಡಿಗೆಯವರು ಬದಲಾದ ಹೊತ್ತಿಗೇ ಸರಿಯಾಗಿ ಕಣ್ಣಿಗೆ ಬಿತ್ತೇ ಅನ್ನೋದಷ್ಟೇ ನಮ್ಮ ಅನುಮಾನ.

* * *

ಈಗ ನಿಮ್ಮ ಕಡೆಗೇ ಬರ್ತೀವಿ. ಹಾಸ್ಟೆಲ್ಲಿನಲ್ಲಿ ಸೀಟು ಸಿಗದೆ ದಾವಣಗೆರೆಯಲ್ಲಿ ಬಾಡಿಗೆ ರೂಮು ಹುಡುಕಿದವರು ಹೇಳಿ. ಮನೆ ಮಾಲೀಕರು ಈಗ ಜಾತಿ ಕೇಳೋದಿಲ್ಲ. ನಾಗರಿಕರಾಗಿದ್ದಾರೆ. 'ವೆಜ್ಜಾ, ನಾನ್‌ವೆಜ್ಜಾ?' ಅಂತ ಕೇಳ್ತಾರೆ. ಈ ಪ್ರಶ್ನೆಗೆ ಹೆದರಿ ನಮ್ಮ ಹುಡುಗರು 'ವೆಜ್ ಸಾರ್' ಅಂತ ಸುಳ್ಳು ಹೇಳಿ, ಎರಡು ವರ್ಷ ಬೀನ್ಸು ಹುಳಿ ಕುದಿಸಿಕೊಂಡು, ಕಿಟಕಿ ಮುಚ್ಚಿ ಮೊಟ್ಟೆ ಬೇಯಿಸುತ್ತಾರೆ. ಹುಳಿಯನ್ನೇ ಪಾಸ್‌ಪೋರ್ಟು ಮಾಡಿಕೊಂಡು ಬದುಕುವ ಸ್ಥಿತಿ.

ತರಕಾರಿಯ ಮೇಲೆ ನಮಗೆ ಹಗೆ ಇಲ್ಲ. ತರಕಾರಿಯನ್ನು ಬೇಲಿ ಮಾಡಿಕೊಂಡವರ ಮೇಲೆ ನಮ್ಮ ತಕರಾರು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತರು. ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ, ನಮಗೆ ಮೊಟ್ಟೆ ಬೇಕು ಅಂತ ಸ್ವಾಮಿಗಳಿಗೇ ಮುಟ್ಟುವಂತೆ ಹೇಳಿದ್ದನ್ನು ನಾಡೆಲ್ಲ ಕೇಳಿತು. ಅಕ್ಷಯ ಪಾತ್ರ ಫೌಂಡೇಶನ್ನಿನವರು ಶಾಲಾ ಮಕ್ಕಳ ಊಟಕ್ಕೆ ಈರುಳ್ಳಿ, ಬೆಳ್ಳುಳ್ಳಿ ಹಾಕೋದಿಲ್ಲ ಅನ್ನೋದರ ಮೇಲೆ 2018-19ರಲ್ಲಿ ದೊಡ್ಡ ಚರ್ಚೆಯೇ ಆಯಿತು. ಸರ್ಕಾರದ ಅಕ್ಕಿ, ಸರ್ಕಾರದ ದುಡ್ಡು, ಬಡವರ ಮಕ್ಕಳ ಹೊಟ್ಟೆ. ಅದರೊಳಗೆ ಮಡಿ ಮಾತ್ರ ಇನ್ಯಾರದೋ.

ಇನ್ನೊಂದು ಕಡೆ, ನಮ್ಮದೇ ಬೆರಕೆ ಅಡಿಗೆಯನ್ನು ನಮ್ಮ ಹುಡುಗರೇ ಮರೆಯುತ್ತಿದ್ದಾರೆ. ಗದ್ದೆ ಬದುವಿನ ಹೊನಗೊನೆ, ಬೇಲಿ ಸಂದಿಯ ಗಣಿಕೆ, ಹೊಲದ ಅಣ್ಣೆ, ಗೋಣಿ, ಕಿರಕಸಾಲೆ. ಕಳೆ ಕೀಳೋಕೆ ಹೋದ ತಾಯಂದಿರು ಸಂಜೆ ಮಡಿಲಲ್ಲಿ ಕಟ್ಟಿ ತರುತ್ತಿದ್ದ ಬೆರಕೆ ಸೊಪ್ಪು. ಯಾವುದು ಕಹಿ, ಯಾವುದು ಹುಳಿ, ಯಾವುದನ್ನು ಎಳೆಯದಿದ್ದಾಗಲೇ ಚಿವುಟಬೇಕು, ಯಾವುದು ಹಿಡಿ ಇದ್ದರೆ ಯಾವುದು ಚಿಟಿಕೆ ಇರಬೇಕು, ಇದೆಲ್ಲ ವಿದ್ಯೆ. ಯಾವ ವಿಶ್ವವಿದ್ಯಾಲಯವೂ ಇದಕ್ಕೆ ಡಿಗ್ರಿ ಕೊಡಲಿಲ್ಲ. ಈಗ ಕಳೆನಾಶಕ ಹೊಡೆದು ಸೊಪ್ಪನ್ನೂ ಸುಟ್ಟರು, ವಿದ್ಯೆಯನ್ನೂ ಸುಟ್ಟರು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಬೂಸಾ ಅಂದರೆ ದನದ ಮೇವು. ಆ ಒಂದು ತಿನ್ನುವ ಪದಕ್ಕೆ ಊರೂರು ಹೊತ್ತಿಕೊಂಡಿತು, ಹಾಸ್ಟೆಲ್ಲಿನ ದಲಿತ ಹುಡುಗರ ಮೇಲೆ ಕಲ್ಲು ಬಿತ್ತು, ಅವರ ಮಂತ್ರಿಗಿರಿ ಹೋಯಿತು. ಆ ಏಟು ತಿಂದ ಹುಡುಗರಿಂದಲೇ ಚಳವಳಿ ಕಟ್ಟಿತು. ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಭದ್ರೆಯ ಕಡೆಯಿಂದ ನಮ್ಮ ಸೀಮೆಗೆ ನಾಲೆಯ ನೀರಷ್ಟೇ ಬರಲಿಲ್ಲ. ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಬೀದಿಯಲ್ಲಿ ಕೂಗಿದವರು ಚಳವಳಿಯವರು. ನಿಮ್ಮ ಹಾಸ್ಟೆಲ್ಲಿನ ಅನ್ನ ಯಾರೋ ಹಾಕಿದ ಭಿಕ್ಷೆ ಅಲ್ಲ.

* * *

ಆದ್ದರಿಂದ ಹುಳಿ ಮಾಡೋದು ಕಲಿಯಿರಿ. ಮುಖ್ಯವಾಗಿ ಗಂಡುಹುಡುಗರು ಕಲಿಯಿರಿ. ಸಭೆಯಲ್ಲಿ ಸಮಾನತೆಯ ಭಾಷಣ ಹೊಡೆದು, ಮನೆಗೆ ಹೋಗಿ 'ಯವ್ವಾ, ಬಡಿಸು' ಅಂತ ತಾಟಿನ ಮುಂದೆ ಕೂರುವ ಗಂಡಸಿಗೆ ಮನುವನ್ನು ಬೈಯುವ ಹಕ್ಕು ಅರ್ಧ ಮಾತ್ರ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ತಿಳಿಸಾರಿಗೆ ಮುದ್ದೆ ಅದ್ದಿ ಉಣ್ಣುವವಳು ಅವ್ವ. ಕೇರಿಯೊಳಗಿನ ಕೇರಿ ಅಂದರೆ ಅದೇ.

ನಾಲ್ಕು ಜನಕ್ಕೆ 200 ಗ್ರಾಂ ತೊಗರಿಬೇಳೆ, 600 ಗ್ರಾಂ ಬೆರಕೆ ತರಕಾರಿ. ಬೇಳೆ ಮೊದಲು ಅರಿಶಿನ ಹಾಕಿ ಬೇಯಲಿ. ತರಕಾರಿಯಲ್ಲಿ ಕ್ಯಾರೆಟ್ಟು, ನುಗ್ಗೆ, ಹುರುಳಿಕಾಯಿಯಂಥ ಗಟ್ಟಿ ಕಾಯಿ ಮುಂಚೆ. ಆಮೇಲೆ ಆಲೂಗಡ್ಡೆ. ಬದನೆ, ಕುಂಬಳ ಕೊನೆಗೆ. ಎಲ್ಲವನ್ನೂ ಒಟ್ಟಿಗೇ ಸುರಿದು ಸಮಾನತೆ ಅಂದರೆ ಬದನೆ ಕರಗಿಹೋಗುತ್ತೆ, ಕ್ಯಾರೆಟ್ಟು ಹಸಿಯಾಗೇ ಉಳಿಯುತ್ತೆ. ಮೀಸಲಾತಿ ಬೇಡ, ಎಲ್ಲರನ್ನೂ ಒಂದೇ ಥರ ನೋಡಿ ಅನ್ನುವ ಮಹಾಶಯರಿಗೆ ಒಂದು ದಿನ ಹುಳಿ ಮಾಡಲು ಹೇಳಿ. ಎರಡು ಚಮಚ ಧನಿಯ, ಒಂದು ಚಮಚ ಕಡಲೆಬೇಳೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಂತ್ಯ, ಆರೇಳು ಬ್ಯಾಡಗಿ ಮೆಣಸಿನಕಾಯಿ ಹುರಿದು, ಹಿಡಿ ಕೊಬ್ಬರಿ ಜೊತೆ ರುಬ್ಬಿ. ಹುಣಸೆಹುಳಿಯನ್ನು ಕಾಯಿ ಮೆತ್ತಗಾಗುವ ತನಕ ಹಾಕಬೇಡಿ, ಹುಳಿ ಬಿದ್ದ ಮೇಲೆ ಕಾಯಿ ಬೇಯೋದು ತಡ. ರುಬ್ಬಿದ ಖಾರ, ಬೆಂದ ಬೇಳೆ, ಉಪ್ಪು ಕೂಡಿಸಿ ಕುದಿಸಿ. ಕೊನೆಗೆ ಸಾಸಿವೆ, ಕರಿಬೇವು, ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬೆಳ್ಳುಳ್ಳಿ ಧಾರಾಳವಾಗಿರಲಿ. ವಾಸನೆ ಪಕ್ಕದ ಮನೆಗೆ ಹೋಗಲಿ.

ಲೆಕ್ಕವೂ ಕಲಿಯಿರಿ. ಬಿಸಿಯೂಟದ ನಿಯಮದ ಪ್ರಕಾರ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರ ಮಗುವಿಗೆ 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ನಿಮ್ಮೂರ ಶಾಲೆಯ ಸಾರಿನಲ್ಲಿ ಅಷ್ಟಿದೆಯಾ? ನಿಮ್ಮ ಹಾಸ್ಟೆಲ್ಲಿನ ಗೋಡೆಯ ಮೆನು ಚಾರ್ಟಿನಲ್ಲಿ ಬರೆದದ್ದು ಪಾತ್ರೆಯಲ್ಲಿದೆಯಾ? ತಕ್ಕಡಿ ಹಿಡಿದು ಕೇಳಿ. ಅಡಿಗೆಯಕ್ಕನ ಮೇಲೆ ರೇಗಬೇಡಿ, ಅವಳೂ ನಮ್ಮಂಥವಳೇ. ಬೇಳೆ ಪಾತ್ರೆಗೆ ಬರುವ ಮುಂಚೆ ಎಲ್ಲಿ ಕರಗಿತು ಅನ್ನೋದನ್ನ ಮೇಲಿನವರನ್ನು ಕೇಳಿ.

* * *

ಒಟ್ಟಿಗೆ ಉಂಡರೆ ಜಾತಿ ಹೋಗುತ್ತೆ ಅಂತ ನಾವು ಹೇಳುತ್ತಿಲ್ಲ. ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಸಹಭೋಜನ ಒಂದರಿಂದ ಜಾತಿ ಸಾಯುವುದಿಲ್ಲ ಅಂತ ತೋರಿಸಿದರು. ಬೆರಕೆ ಮದುವೆಗಳಾಗಬೇಕು, ಜಾತಿಗೆ ಪಾವಿತ್ರ್ಯ ಕೊಟ್ಟ ಶಾಸ್ತ್ರದ ಮೇಲಿನ ನಂಬಿಕೆಯೇ ಒಡೆಯಬೇಕು ಅಂದರು. ಚುನಾವಣೆ ಬಂದಾಗ ಕೇರಿಗೆ ಬಂದು ನಮ್ಮ ಮನೆಯಲ್ಲಿ ಉಂಡು ಫೋಟೋ ಹೊಡೆಸಿಕೊಳ್ಳುವವರನ್ನು ನೋಡಿದರೆ ಅವರ ಮಾತಿನ ಬೆಲೆ ಗೊತ್ತಾಗುತ್ತೆ. ಅವರು ನಮ್ಮ ಮನೆಗೆ ಬರ್ತಾರೆ. ನಮ್ಮನ್ನು ಅವರ ಅಡಿಗೆಮನೆಗೆ ಕರೀತಾರಾ?

ಹಾಗಾದರೆ ಮಾಡಬೇಕಾದದ್ದೇನು?

ಒಂದು. ಬಿಸಿಯೂಟದ ತಾಯಿಯನ್ನು ಎಲ್ಲಿ ಬಹಿಷ್ಕರಿಸಿದರೂ ಸುಮ್ಮನಿರಬೇಡಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ ಸಾಮಾಜಿಕ ಬಹಿಷ್ಕಾರವನ್ನೂ ಅಪರಾಧ ಅಂತ ಸೇರಿಸಿದ್ದಾರೆ. ದೂರು ಬರೆಯಿರಿ. ಬರೆಯೋಕೆ ತಾನೇ ನೀವು ಓದಿದ್ದು?

ಎರಡು. ಏಪ್ರಿಲ್ 14ಕ್ಕೆ ಕೇರಿಯಲ್ಲಿ ಪಾಯಸ ಹಂಚಿ ಮುಗಿಸಬೇಡಿ. ಊರ ನಡುವೆ ಒಲೆ ಹೂಡಿ, ನಮ್ಮ ತಾಯಂದಿರ ಕೈಯಲ್ಲಿ ಹುಳಿ ಅನ್ನ ಮಾಡಿಸಿ, ನೀವು ತರಕಾರಿ ಹೆಚ್ಚಿ, ಊರಿಗೆಲ್ಲ ಡಂಗುರ ಹೊಡೆಸಿ ಕರೆಯಿರಿ. ಬಂದವರನ್ನು ಅಣ್ಣಾ, ಅಕ್ಕಾ ಅಂತ ಕೂರಿಸಿ. ಬಾರದವರು ಯಾರು ಅನ್ನೋದನ್ನೂ ನೆನಪಿಡಿ.

ಮೂರು. ಬಾಡಿಗೆ ರೂಮಿಗಾಗಿ ಸುಳ್ಳು ಹೇಳಬೇಡಿ. ಹಾಸ್ಟೆಲ್ ಸೀಟು ಹೆಚ್ಚಿಸಿ ಅಂತ ಒಟ್ಟಾಗಿ ಕೇಳಿ.

ನಾಲ್ಕು. ತರಕಾರಿ ಬೆಳೆಯೋದು ಭೂಮಿಯಲ್ಲಿ. ಆ ಭೂಮಿ ಯಾರದು? ಸರ್ಕಾರ ನಮ್ಮ ಅಜ್ಜಂದಿರಿಗೆ ಕೊಟ್ಟ ಜಮೀನು ಕೈತಪ್ಪಬಾರದು ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ತಡವಾಗಿ ಬಂದಿರಿ ಅಂತ ಅರ್ಜಿ ತಳ್ಳಿಹಾಕುವುದನ್ನು ತಪ್ಪಿಸಲು 2023ರಲ್ಲಿ ಅದಕ್ಕೆ ತಿದ್ದುಪಡಿ ತಂದರು. ರಜೆಗೆ ಊರಿಗೆ ಹೋದಾಗ ಅಜ್ಜನ ಪೆಟ್ಟಿಗೆ ತೆಗೆದು ಸಾಗುವಳಿ ಚೀಟಿ ಹುಡುಕಿ. ಪಹಣಿಯಲ್ಲಿ ಈಗ ಯಾರ ಹೆಸರಿದೆ ನೋಡಿ.

ಅಡಿಗೆಮನೆಯ ಬಾಗಿಲು ಒಳಗಿನಿಂದ ತಾನಾಗಿ ತೆರೆಯುತ್ತೆ ಅಂತ ಕಾದು ಕೂತರೆ ಇನ್ನೂ ಎಂಟುನೂರು ವರ್ಷ ಬೇಕು. ಎರಡು ಎಕರೆ ನಮ್ಮ ಹೆಸರಿನಲ್ಲಿದ್ದು, ನಮ್ಮ ಹೊಲದ ಬದನೆ ನಮ್ಮ ಒಲೆಯ ಮೇಲೆ ಕುದಿಯುವಾಗ ನಾವು ಯಾರ ಜಗುಲಿಯಲ್ಲೂ ಕಾಯಬೇಕಾಗಿಲ್ಲ. ಆಗ ನಾವು ಕರೆಯುತ್ತೇವೆ. ಬಂದವರಿಗೆ ನಮ್ಮ ಸಾಲಿನಲ್ಲೇ ಎಲೆ ಹಾಕುತ್ತೇವೆ, ಬೇರೆ ಪಂಕ್ತಿ ಇಡುವುದಿಲ್ಲ.

ಜೈ ಭೀಮ್!